ಡಾಂಬರು ಆಮೇಲೆ, ಹಳ್ಳಕ್ಕೆ ಸೇತುವೆ ಮೊದಲು

ನಾನು ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟವನು. ಬುದ್ಧಿ ಹತ್ತಲಿಲ್ಲ ಅಂತ ಬಿಟ್ಟದ್ದಲ್ಲ. ನಮ್ಮೂರಲ್ಲಿ ಏಳರವರೆಗೆ ಮಾತ್ರ ಇತ್ತು. ಹೈಸ್ಕೂಲು ಹಳ್ಳದ ಆಚೆ, ನಾಲ್ಕು ಕಿಲೋಮೀಟರು. ಜೂನ್ ತಿಂಗಳಲ್ಲಿ ಹೋಗಿ ಹೆಸರು ಹಚ್ಚಿಸಿ ಬಂದೆ. ಜುಲೈದಲ್ಲಿ ಹಳ್ಳ ಬಂತು. ಮೂರು ಸಲ ಪುಸ್ತಕದ ಚೀಲ ತಲೆಯ ಮೇಲೆ ಇಟ್ಟುಕೊಂಡು ದಾಟಿದೆ. ನಾಲ್ಕನೇ ಸಲ ಕಾಲು ನಿಲ್ಲಲಿಲ್ಲ. ದನ ಕಾಯುವ ಹಿರಿಯರೊಬ್ಬರು ಅಂಗಿ ಹಿಡಿದು ಎಳೆದು ದಂಡೆಗೆ ಹಾಕಿದರು. ಪುಸ್ತಕ ಹೋದವು. ಸಂಜೆ ಅಪ್ಪ ಹೇಳಿದ: "ಸಾಕಪಾ ಈ ಸಾಲಿ. ಜೀವ ಇದ್ರ ದುಡಕೊಂಡು ತಿಂದೀವು." ಮಾರನೇ ದಿನ ನನ್ನ ಕೈಗೆ ಬಾರಕೋಲು ಬಂತು.

ಈಗ ನನಗೆ ಐವತ್ತಾರು. ಈ ನಡುವೆ ನಮ್ಮೂರ ರಸ್ತೆಗೆ ಮೂರು ಸಲ ಡಾಂಬರು ಬಿದ್ದಿದೆ. ಹಳ್ಳಕ್ಕೆ ಒಂದು ಸಲ ಪೈಪು ಇಟ್ಟು ಮೇಲೆ ಕಾಂಕ್ರೀಟು ಹಾಕಿ ತಗ್ಗಿನ ಪೂಲು ಮಾಡಿದರು. ಸಣ್ಣ ಮಳೆಗೆ ಅದು ಸಾಕು. ದೊಡ್ಡ ಮಳೆಗೆ ನೀರು ಅದರ ಮೇಲೆಯೇ ಹರಿಯುತ್ತದೆ. ನನ್ನ ಮೊಮ್ಮಗಳು ಈ ವರ್ಷ ಎಂಟನೇ ತರಗತಿಗೆ ಹೋಗುತ್ತಿದ್ದಾಳೆ, ಅದೇ ಹೈಸ್ಕೂಲಿಗೆ. ಹಳ್ಳ ಬಂದ ದಿನ ಬಸ್ಸು ಆಚೆ ದಂಡೆಯಿಂದಲೇ ತಿರುಗಿ ಹೋಗುತ್ತದೆ. ಅವಳು ಮನೆಯಲ್ಲಿ ಉಳಿಯುತ್ತಾಳೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಆದ ಸುಧಾರಣೆ ಇಷ್ಟೆ: ನಾನು ನೀರಿಗೆ ಇಳಿಯುತ್ತಿದ್ದೆ, ಅವಳು ಇಳಿಯುವುದಿಲ್ಲ.

ನಮ್ಮದು ಬೆಣ್ಣೆಹಳ್ಳದ ಸೀಮೆ. ಧಾರವಾಡ, ಗದಗ ಜಿಲ್ಲೆಯ ಎರೆ ಹೊಲದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಳ್ಳದಲ್ಲಿ ಕುಡಿಯಲಿಕ್ಕೆ ಹನಿ ನೀರು ಸಿಗುವುದಿಲ್ಲ. ಮೇಲೆ ಎಲ್ಲೋ ಎರಡು ತಾಸು ಮಳೆ ಆದರೆ ಇಲ್ಲಿ ಬಿಸಿಲಿರುವಾಗಲೇ ಕೆಂಪು ನೀರು ಬಂದು ನಿಲ್ಲುತ್ತದೆ. ಒಣ ಬೇಸಾಯದವರಿಗೆ ದಾರಿಯ ಚಿಂತೆ ಯಾಕೆ, ಮಳೆಯ ಚಿಂತೆ ಸಾಲದೇ ಅಂತ ಯಾರಾದರೂ ಕೇಳಬಹುದು. ಮಳೆ ಬಂದಾಗಲೇ ನಮಗೆ ದಾರಿ ಬೇಕು. ಹೆಸರು ಕೀಳುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಉಳ್ಳಾಗಡ್ಡಿ ಕೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹಿಂಗಾರಿ ಬೀಜ-ಗೊಬ್ಬರ ತರುವುದೂ ಅದೇ ಹೊತ್ತಿಗೆ. ವರ್ಷದಲ್ಲಿ ದಾರಿ ಬಹಳ ಬೇಕಾದ ದಿನ ಮತ್ತು ಹಳ್ಳ ಬರುವ ದಿನ ಒಂದೇ.

2019ರ ಅಕ್ಟೋಬರ್ ನೆನಪಿರಬೇಕು. ಆಗಸ್ಟಿನ ನೆರೆ ಇಳಿದು ಜನ ಉಸಿರು ಬಿಡುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಒಂದೂವರೆ ಎಕರೆಯ ಉಳ್ಳಾಗಡ್ಡಿ ಕಿತ್ತು, ಕೊಯ್ದು, ಅರವತ್ತು ಚೀಲ ತುಂಬಿ ಟ್ರ್ಯಾಕ್ಟರಿಗೆ ಹೇರಿದ್ದೆ. ಹುಬ್ಬಳ್ಳಿ ಪೇಟೆಗೆ ಬೆಳಗಿನ ಜಾವ ಬಿಡುವುದು ಅಂತ ಇತ್ತು. ರಾತ್ರಿಯೇ ಹಳ್ಳ ಬಂತು. ಐದು ದಿನ ಹೇರಿದ ಟ್ರ್ಯಾಕ್ಟರು ಈಚೆ ದಂಡೆಯಲ್ಲಿ ತಾಡಪಾಲು ಹೊದ್ದು ನಿಂತಿತು. ಬಳಸಿ ಹೋಗುವ ದಾರಿ ಎರೆ ಹೊಲದ್ದು, ಅಲ್ಲಿ ಟ್ರ್ಯಾಕ್ಟರು ಹುಗಿಯುತ್ತದೆ. ಆರನೇ ದಿನ ದಾಟಿದಾಗ ಚೀಲದಿಂದ ನೀರು ಸೋರುತ್ತಿತ್ತು. ಆರಿಸಿ ಉಳಿದದ್ದು ಹದಿನಾಲ್ಕು ಚೀಲ. ಉಳಿದದ್ದನ್ನೆಲ್ಲ ತಿಪ್ಪೆಗೆ ಹಾಕಿದೆವು. ಅದೇ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ಕಿಲೋಕ್ಕೆ ನೂರು ರೂಪಾಯಿ ದಾಟಿತು. ಪೇಪರಿನವರು ರೈತರಿಗೆ ಬಂಗಾರದ ಬೆಲೆ ಅಂತ ಬರೆದರು. ಬೆಳೆ ಕೈಕೊಟ್ಟಿರಲಿಲ್ಲ, ಬೆಲೆ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಇಪ್ಪತ್ತು ಮೀಟರಿನ ಒಂದು ಹಳ್ಳ.

ಗಾಡಿ ಎಣಿಸುವ ಲೆಕ್ಕ

ಅದಾದ ಮೇಲೆ ಊರಿನ ನಾಲ್ಕು ಮಂದಿ ಸೇರಿ ಕಚೇರಿಗಳಿಗೆ ತಿರುಗಿದೆವು. ಒಂದು ಕಚೇರಿಗೆ ಹೋದರೆ ಈ ರಸ್ತೆ ನಮ್ಮದಲ್ಲ ಅಂದರು. ಇನ್ನೊಂದಕ್ಕೆ ಹೋದರೆ ರಸ್ತೆ ನಮ್ಮದು, ಆದರೆ ಅಷ್ಟು ದೊಡ್ಡ ಪೂಲಿಗೆ ನಮ್ಮಲ್ಲಿ ಹಣ ಇಲ್ಲ ಅಂದರು. ಕೊನೆಗೆ ಒಬ್ಬ ಎಂಜಿನಿಯರ ಸಾಹೇಬರು ಕೂರಿಸಿ ಚಹಾ ಕೊಟ್ಟು ಮಾತಾಡಿದರು. ಒಳ್ಳೆಯ ಮನುಷ್ಯ. ಅವರು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ.

"ಯಜಮಾನ್ರ, ನಿಮ್ಮ ರಸ್ತಾದಾಗ ಗಾಡಿ ಕಡಿಮಿ ಅದಾವ. ಗಾಡಿ ಎಣಿಸಿ, ಹೆಚ್ಚಿದ್ದ ಕಡೆ ಮೊದಲ ಕೆಲಸ ತಗೋತೀವಿ."

ನಾನು ಕೇಳಿದೆ: "ಸಾಹೇಬ್ರ, ದಾರಿನೇ ಇಲ್ಲಂದ ಮ್ಯಾಲ ಗಾಡಿ ಎಲ್ಲಿಂದ ಬರಬೇಕ್ರೀ?"

ಅವರು ನಕ್ಕರು, ನಾವೂ ನಕ್ಕೆವು. ಆದರೆ ಇಡೀ ತಂಟೆ ಇರುವುದು ಇಲ್ಲೇ. ರಸ್ತೆಯ ಮೇಲೆ ಹೋಗುವ ಗಾಡಿ ಎಣಿಸುತ್ತಾರೆ. ಹೋಗಲಾರದೆ ನಿಂತ ಗಾಡಿಯನ್ನು ಎಣಿಸುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಹೆಚ್ಚು, ಅದಕ್ಕೆ ಹಣ. ಹಣ ಬಿದ್ದ ಮೇಲೆ ಇನ್ನೂ ಗಾಡಿ ಹೆಚ್ಚು, ಮತ್ತೆ ಹಣ. ಹಳ್ಳದ ಈಚೆಯವರ ಲೆಕ್ಕ ಯಾವಾಗ ನೋಡಿದರೂ ಸೊನ್ನೆಯ ಹತ್ತಿರವೇ ಇರುತ್ತದೆ.

ಅವರೇ ಇನ್ನೊಂದು ಸಂಗತಿ ಹೇಳಿದರು. ಗಾಡಿ ಎಣಿಸಲಿಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ ಇದೆ. ವರ್ಷಕ್ಕೆ ಕಡಿಮೆ ಅಂದರೂ ಎರಡು ಸಲ, ಪ್ರತಿ ಸಲ ಏಳು ದಿನ ಎಣಿಸಬೇಕು. ಒಂದು ಸಲ ಸುಗ್ಗಿ ಮತ್ತು ಮಾರಾಟದ ಭರಾಟೆಯಲ್ಲಿ, ಇನ್ನೊಂದು ಸಲ ಬಿಡುವಿನಲ್ಲಿ. ಕೇಳಿ ನನಗೆ ಸಂತೋಷವಾಯಿತು. ನಿಯಮ ಬರೆದವರಿಗೆ ಸುಗ್ಗಿ ಗೊತ್ತಿತ್ತು. ಆದರೆ ನಮ್ಮ ಕೂಡುರಸ್ತೆಯಲ್ಲಿ ಸುಗ್ಗಿಯ ದಿನ ಯಾರಾದರೂ ಪಟ್ಟಿ ಹಿಡಿದು ಕೂತದ್ದನ್ನು ನಾನಂತೂ ನೋಡಿಲ್ಲ. ನಿಮ್ಮೂರಲ್ಲಿ ನೋಡಿದ್ದರೆ ತಿಳಿಸಿರಿ.

ದೂರದ ಲೆಕ್ಕವೂ ಹೀಗೆಯೇ. 1943ರಲ್ಲಿ ನಾಗಪುರದಲ್ಲಿ ದೇಶದ ಮುಖ್ಯ ಎಂಜಿನಿಯರುಗಳು ಸೇರಿ ಇಪ್ಪತ್ತು ವರ್ಷದ ರಸ್ತೆ ಯೋಜನೆ ಮಾಡಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ದರ್ಜೆ ಮಾಡಿದ್ದು ಆಗಲೇ. ಬೇಸಾಯ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು ಅಂತ ಗುರಿ ಇಟ್ಟರು. ದೊಡ್ಡ ವಿಚಾರವೇ. ನಕಾಶೆಯಲ್ಲಿ ನಮ್ಮೂರು 5 ಮೈಲಿಯ ಒಳಗೇ ಇದೆ. ಆದರೆ ಅಕ್ಟೋಬರಿನಲ್ಲಿ ನಮ್ಮ ದೂರವನ್ನು ಮೈಲಿಯಲ್ಲಿ ಅಲ್ಲ, ದಿನದಲ್ಲಿ ಅಳೆಯಬೇಕಾಗುತ್ತದೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕು ಹಿಂದುಳಿದವು ಅಂತ ಹೇಳಿತು. ತಾಲೂಕಿನ ಲೆಕ್ಕ ಅಗತ್ಯವೇ. ಆದರೆ ಒಂದೇ ತಾಲೂಕಿನಲ್ಲಿ ಹಳ್ಳದ ಆಚೆಯ ಊರು ಬೇರೆ, ಈಚೆಯ ಊರು ಬೇರೆ. ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ನಮ್ಮ ಹಳ್ಳದ ದೊಡ್ಡ ಕೇಡು ಅದರ ಅಳತೆ. 6 ಮೀಟರಿನ ಒಳಗಿದ್ದರೆ ಅದನ್ನು ಮೋರಿ ಅನ್ನುತ್ತಾರೆ, ನಮ್ಮ ಕಡೆ ಎಲ್ಲರ ಬಾಯಲ್ಲೂ ಸಿಡಿ. 6ರಿಂದ 60 ಮೀಟರಿನವರೆಗೆ ಸಣ್ಣ ಸೇತುವೆ. ಅದರ ಮೇಲೆ ದೊಡ್ಡ ಸೇತುವೆ. ಇಪ್ಪತ್ತು ಮೀಟರಿನ ಹಳ್ಳಕ್ಕೆ ಪಂಚಾಯತಿಯ ಹಣ ಸಾಲುವುದಿಲ್ಲ. ಮಂತ್ರಿಗಳು ಬಂದು ಅಡಿಗಲ್ಲು ಹಾಕುವಷ್ಟು ಅದು ದೊಡ್ಡದೂ ಅಲ್ಲ. ನಡುವೆ ಬಿದ್ದುಹೋಗಿದೆ. ಇಂಥ ನಡುವಿನ ಹಳ್ಳಗಳು ನಮ್ಮ ಸೀಮೆಯಲ್ಲಿ ಎಷ್ಟೋ ಇವೆ.

ಎರೆ ಭೂಮಿಯ ಗುಣ

ಡಾಂಬರು ಬಿದ್ದ ರಸ್ತೆ ಎರಡು ಮಳೆಗಾಲಕ್ಕೆ ಕಿತ್ತುಹೋದರೆ ನಾವು ಗುತ್ತಿಗೆದಾರನನ್ನು ಬೈಯುತ್ತೇವೆ. ಬೈಗುಳಕ್ಕೆ ಅರ್ಹರಾದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಎರೆ ಮಣ್ಣಿನ ಗುಣ ನಮಗಿಂತ ಯಾರಿಗೆ ಗೊತ್ತು? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀರು ಕುಡಿದರೆ ಉಬ್ಬುತ್ತದೆ. ಒಣಗಿದ್ದಾಗ ಕಲ್ಲು, ನೆಂದಾಗ ಬೆಣ್ಣೆ. ರಸ್ತೆಯ ಪಕ್ಕದ ಗಟಾರದಲ್ಲಿ ನೀರು ನಿಂತರೆ ಅದು ಅಡಿಗೆ ಇಳಿಯುತ್ತದೆ. ಅಡಿಯ ಎರೆ ಮೆತ್ತಗಾಗುತ್ತದೆ. ಮೇಲೆ ಹೇರಿದ ಟ್ರ್ಯಾಕ್ಟರು ಹೋದರೆ ಡಾಂಬರು ಹಪ್ಪಳದ ಹಾಗೆ ಒಡೆಯುತ್ತದೆ. ಅದಕ್ಕೇ ಎರೆಯಲ್ಲಿ ರಸ್ತೆ ಮಾಡುವಾಗ ಅಡಿಯಲ್ಲಿ ದಪ್ಪ ಗರಸು ಬೇಕು, ರಸ್ತೆ ಹೊಲಕ್ಕಿಂತ ಎತ್ತರ ಇರಬೇಕು, ಎರಡೂ ಕಡೆ ಹರಿಯುವ ಗಟಾರ ಬೇಕು, ನೀರು ಅಡ್ಡ ಬರುವಲ್ಲೆಲ್ಲ ಸಿಡಿ ಬೇಕು. ಇಷ್ಟು ಆದ ಮೇಲೆ ಡಾಂಬರು ಉಳಿಯುತ್ತದೆ. ಇಷ್ಟು ಆಗದಿದ್ದರೆ ಡಾಂಬರು ಹಾಕುವುದೂ ಒಂದೇ, ಹಳ್ಳಕ್ಕೆ ಸುರಿಯುವುದೂ ಒಂದೇ.

ಇದು ನನ್ನ ಸ್ವಂತ ಜಾಣತನ ಅಲ್ಲ. 2000ದ ಡಿಸೆಂಬರ್ 25ರಂದು ಕೇಂದ್ರ ಸರಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಸುರು ಮಾಡಿತು. ಬಯಲು ಸೀಮೆಯಲ್ಲಿ 500 ಜನರಿಗಿಂತ ಹೆಚ್ಚಿರುವ ಪ್ರತಿ ಊರಿಗೂ ಸರ್ವಋತು ರಸ್ತೆ ಕೊಡುವುದು ಅದರ ಗುರಿ. ಸರ್ವಋತು ರಸ್ತೆ ಅಂದರೆ ಏನು ಅಂತ ಆ ಯೋಜನೆಯ ನಿಯಮದಲ್ಲೇ ಬರೆದಿದ್ದಾರೆ. ವರ್ಷದ ಎಲ್ಲ ಕಾಲದಲ್ಲೂ ಹೋಗಿಬರುವಂತಿರಬೇಕು, ಮೋರಿ, ಸಣ್ಣ ಸೇತುವೆ ಮುಂತಾದವು ಸಾಕಷ್ಟಿದ್ದು ರಸ್ತೆಯ ನೀರು ಸರಿಯಾಗಿ ಹರಿದು ಹೋಗಬೇಕು. ಡಾಂಬರು ಇರಲೇಬೇಕು ಅಂತಲ್ಲ ಅಂತಲೂ ಅದರಲ್ಲೇ ಇದೆ. ನನ್ನ ಮಗ ಇದನ್ನು ಓದಿ ಹೇಳಿದಾಗ ಎರಡು ಸಲ ಓದಿಸಿದೆ. ನಾವು ನಲವತ್ತು ವರ್ಷದಿಂದ ಹೇಳುತ್ತಿರುವ ಮಾತನ್ನೇ ಸರಕಾರ ಬರೆದಿಟ್ಟಿದೆ.

ಹಾಗಾದರೆ ಡಾಂಬರು ಮೊದಲು ಯಾಕೆ ಬೀಳುತ್ತದೆ? ಡಾಂಬರು ಕಣ್ಣಿಗೆ ಕಾಣುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಹೇಳಬಹುದು. ಒಂದು ವಾರದಲ್ಲಿ ಮುಗಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಗಟಾರ ತೆಗೆದದ್ದಕ್ಕೆ, ಸಿಡಿಯ ಬಾಯಿ ಬಿಡಿಸಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ನಾವೂ ಹಾಕುವುದಿಲ್ಲ. ಮತ ಕೇಳಲಿಕ್ಕೆ ಬಂದವರಿಗೆ ನಾವು ಹೇಳುವುದೂ "ರಸ್ತಾಕ್ಕ ಡಾಂಬರ ಹಾಕಿಸ್ರಿ" ಅಂತಲೇ.

ಗ್ರಾಮ ಸಡಕ್ ರಸ್ತೆಗೆ ಗುತ್ತಿಗೆದಾರ ಐದು ವರ್ಷ ದುರಸ್ತಿ ನೋಡಿಕೊಳ್ಳಬೇಕು ಎಂಬ ಕಟ್ಟಳೆ ಇದೆ. ಒಳ್ಳೆಯ ಕಟ್ಟಳೆ. ಐದು ವರ್ಷ ಆದ ಮೇಲೆ ಏನು? ನಾನು ಸಣ್ಣವನಿದ್ದಾಗ ದೊಡ್ಡ ರಸ್ತೆಗೆ ಗ್ಯಾಂಗಿನ ಮಂದಿ ಇದ್ದರು. ಸಲಿಕೆ, ಗುದ್ದಲಿ, ಬುಟ್ಟಿ ಹಿಡಿದು ತಮ್ಮ ಪಾಲಿನ ದಾರಿಯಲ್ಲಿ ದಿನಾ ನಡೆಯುತ್ತಿದ್ದರು. ಮೃಗಶಿರಾ ಮಳೆಗೆ ಮೊದಲು ಪೈಪಿನ ಬಾಯಲ್ಲಿ ಸಿಕ್ಕಿದ ಜಾಲಿ ಕಂಟಿ ತೆಗೆಯುತ್ತಿದ್ದರು, ಗಟಾರ ಕೆರೆಯುತ್ತಿದ್ದರು, ಅಂಗೈಯಷ್ಟು ತಗ್ಗು ಬಿದ್ದರೆ ಅವತ್ತೇ ತುಂಬುತ್ತಿದ್ದರು. ಈಗ ನಮ್ಮ ಕಡೆ ಅವರು ಕಾಣುವುದಿಲ್ಲ. ಅಂಗೈಯಷ್ಟು ತಗ್ಗು ಎಮ್ಮೆ ಮಲಗುವಷ್ಟಾಗುವವರೆಗೆ ಕಾಯುತ್ತೇವೆ. ಆಮೇಲೆ ಇಡೀ ರಸ್ತೆಗೆ ಹೊಸ ಅಂದಾಜು ಪತ್ರಿಕೆ ಮಾಡುತ್ತಾರೆ.

ಹೆದ್ದಾರಿ ಬೇಡ ಅನ್ನುವುದಿಲ್ಲ

ಹೆದ್ದಾರಿಯ ಮೇಲೆ ನನಗೆ ಸಿಟ್ಟಿಲ್ಲ. 1999ರಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಆಯಿತು. 2001ರಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ರಾಜ್ಯ ಹೆದ್ದಾರಿಗಳನ್ನು ಸುಧಾರಿಸುವ ಯೋಜನೆ ಬಂತು. ಅದರಿಂದ ನಮಗೂ ಲಾಭವಾಗಿದೆ. ನಮ್ಮ ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಂಗಳೂರು ಮುಟ್ಟುವುದು ಆ ರಸ್ತೆಯ ಮೇಲೆಯೇ. ನಾನು ಹೇಳುವುದು ಇಷ್ಟೇ: ಪೀಕು ಹೆದ್ದಾರಿಯಲ್ಲಿ ಬೆಳೆಯುವುದಿಲ್ಲ, ಹೊಲದಲ್ಲಿ ಬೆಳೆಯುತ್ತದೆ. ಹೆದ್ದಾರಿಯಲ್ಲಿ ಅರ್ಧ ತಾಸು ಉಳಿಸಲಿಕ್ಕೆ ಕೋಟಿ ಕೋಟಿ ಖರ್ಚು ಮಾಡುವ ಸರಕಾರ, ಹಳ್ಳದಲ್ಲಿ ಐದು ದಿನ ಉಳಿಸಲಿಕ್ಕೆ ಎಷ್ಟು ಖರ್ಚು ಬರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಲಿ.

ಬೇರೆ ಲೆಕ್ಕ ಹಾಕಿದ ಉದಾಹರಣೆಯೂ ಇದೆ. 2017ರ ನಂತರದ ವರ್ಷಗಳಲ್ಲಿ ರಾಜ್ಯದಲ್ಲಿ ಶಾಲಾ ಸಂಪರ್ಕ ಸೇತು ಅಂತ ಯೋಜನೆ ಬಂತು. ಹಳ್ಳ-ತೊರೆ ದಾಟುವ ಶಾಲೆಯ ಮಕ್ಕಳಿಗಾಗಿ ಸಣ್ಣ ಕಾಲುಸೇತುವೆ ಕಟ್ಟಿದರು. ಅಲ್ಲಿ ಗಾಡಿ ಎಣಿಸಲಿಲ್ಲ, ಮಕ್ಕಳನ್ನು ನೋಡಿದರು. ಅದಕ್ಕೂ ಮೊದಲೇ, 1989ರಲ್ಲಿ, ಸುಳ್ಯದ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಕಡೆ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೂಗುಸೇತುವೆಯ ಮೇಲೆ ನಮ್ಮ ಉಳ್ಳಾಗಡ್ಡಿ ಟ್ರ್ಯಾಕ್ಟರು ಹೋಗುವುದಿಲ್ಲ, ಖರೆ. ಆದರೆ ಎಂಟನೇ ತರಗತಿಯ ಹುಡುಗಿ ಹೋಗುತ್ತಾಳೆ. 2019ರಲ್ಲಿ ಬಂದ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲೂ ಪೇಟೆ, ಹೈಸ್ಕೂಲು, ದವಾಖಾನೆಗೆ ಕೂಡುವ ರಸ್ತೆಗಳನ್ನು ನೋಡಿ ಆರಿಸಬೇಕು ಅಂತ ಮಾಡಿದರು. ಅಂದರೆ ಲೆಕ್ಕ ಬದಲಿಸಲು ಬರುತ್ತದೆ. ಮನಸ್ಸು ಬೇಕು.

ನಮ್ಮ ತಪ್ಪೂ ಇದೆ

ಬರೀ ಸರಕಾರವನ್ನು ಬೈದು ಲೇಖನ ಮುಗಿಸಿದರೆ ಅದು ಕಟ್ಟೆ ಮಾತಾಗುತ್ತದೆ. ನಮ್ಮ ಕಡೆಯ ತಪ್ಪು ಬರೆಯುತ್ತೇನೆ, ನನ್ನದರಿಂದಲೇ ಸುರು ಮಾಡಿ.

ಡಾಂಬರು ಎರಡನೇ ಸಲ ಬಿದ್ದಾಗ ನನ್ನ ಹೊಲದ ಮುಂದೆ ಗಟಾರ ತೆಗೆದಿದ್ದರು. ಟ್ರ್ಯಾಕ್ಟರು ಹೊಲಕ್ಕೆ ಇಳಿಯಬೇಕಲ್ಲ, ಹತ್ತು ಬುಟ್ಟಿ ಮಣ್ಣು ಹಾಕಿ ಗಟಾರ ಮುಚ್ಚಿದೆ. ಪೈಪು ಇಡಲಿಲ್ಲ, ಅಷ್ಟು ಖರ್ಚು ಯಾಕೆ ಅಂತ. ನನ್ನನ್ನು ನೋಡಿ ಮುಂದಿನವನು ಮುಚ್ಚಿದ, ಅವನನ್ನು ನೋಡಿ ಅವನ ಮುಂದಿನವನು. ನೀರು ಹೋಗುವುದೆಲ್ಲಿಗೆ? ರಸ್ತೆ ಹತ್ತಿತು. ರಸ್ತೆ ಮೊದಲು ಒಡೆದದ್ದು ನನ್ನ ಹೊಲದ ಮುಂದೆಯೇ. ಹತ್ತು ಬುಟ್ಟಿ ಮಣ್ಣಿನಿಂದ ಸರಕಾರದ ರಸ್ತೆ ನಾನು ಕೆಡಿಸಿದೆ. ಹೊಲದ ಬಂಡಿದಾರಿಯ ಕಥೆಯೂ ಇದೇ. ಹಳೆಯ ನಕಾಶೆಯಲ್ಲಿ ಚಕ್ಕಡಿ ಎದುರುಬದುರು ದಾಟುವಷ್ಟು ದಾರಿ ಇದೆ. ಆಚೆಯವನು ಒಂದು ಸಾಲು, ಈಚೆಯವನು ಒಂದು ಸಾಲು ಒತ್ತುತ್ತ ಒತ್ತುತ್ತ ಈಗ ಎತ್ತಿನ ಕೋಡು ಬೇಲಿಗೆ ತಾಗುತ್ತವೆ. ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಅಂತ ಹೊಲದ ದಾರಿ ಮಾಡಲು ಬಂದಾಗ ನಮ್ಮೂರಲ್ಲಿ ನಾಲ್ಕು ಮಂದಿ ಜಾಗ ಬಿಡಲಿಲ್ಲ. ಕೆಲಸ ಬೇರೆ ಊರಿಗೆ ಹೋಯಿತು.

2021ರಲ್ಲಿ ನಾವು ಏಳು ಮಂದಿ ಹೊಲದವರು ರೊಕ್ಕ ಕೂಡಿಸಿ ಸಿಮೆಂಟು ಪೈಪು ತಂದು, ಮಣ್ಣು ತೆಗೆದು, ಪ್ರತಿ ಹೊಲದ ಮುಂದೆ ಇಟ್ಟೆವು. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಒಂದು ದಿನ ಸಲಿಕೆ ಹಿಡಿದು ಗಟಾರ ಬಿಡಿಸುತ್ತೇವೆ. ಆ ಅರ್ಧ ಕಿಲೋಮೀಟರು ರಸ್ತೆ ಇವತ್ತಿಗೂ ನೆಟ್ಟಗಿದೆ. ಮುಂದಿನದು ಹೋಗಿದೆ. ಯಾರು ಬೇಕಾದರೂ ಬಂದು ನೋಡಬಹುದು.

ಹಾಗೆಯೇ ಒಂದು ವಹಿ ಇಟ್ಟಿದ್ದೇನೆ. ಹಳ್ಳ ಬಂದು ದಾರಿ ಬಂದಾದ ದಿನ ತಾರೀಖು ಬರೆಯುತ್ತೇನೆ. ಎಷ್ಟು ತಾಸು ಬಂದಾಗಿತ್ತು, ದಂಡೆಯಲ್ಲಿ ಎಷ್ಟು ಗಾಡಿ ನಿಂತವು, ಎಷ್ಟು ಮಕ್ಕಳು ಸಾಲಿಗೆ ಹೋಗಲಿಲ್ಲ, ಯಾರ ಮನೆಯವರನ್ನು ದವಾಖಾನೆಗೆ ಒಯ್ಯಲು ಆಗಲಿಲ್ಲ, ಇಷ್ಟು. 2022ರಲ್ಲಿ 19 ದಿನ. 2023 ಬರಗಾಲ, 2 ದಿನ ಮಾತ್ರ. 2024ರಲ್ಲಿ 14 ದಿನ. ಮೊದಲು ಹೆಂಡತಿ ನಗುತ್ತಿದ್ದಳು. ಈಗ ನಾನು ಊರಲ್ಲಿ ಇಲ್ಲದ ದಿನ ಮೊಮ್ಮಗಳ ಕೈಯಲ್ಲಿ ಅವಳೇ ಬರೆಸುತ್ತಾಳೆ. ಆ ವಹಿ ಒಯ್ದು ಗ್ರಾಮಸಭೆಯಲ್ಲಿ ಓದಿದೆ. ಠರಾವಿನಲ್ಲಿ ದಿನಗಳ ಸಂಖ್ಯೆ ಸಮೇತ ಬರೆಸಿದೆವು. "ಬಹಳ ತೊಂದರಿ ಐತ್ರಿ" ಅಂದರೆ ಕೇಳಿ ಬಿಡುತ್ತಾರೆ. "ಹತ್ತೊಂಬತ್ತು ದಿನ" ಅಂದರೆ ಬರೆದುಕೊಳ್ಳುತ್ತಾರೆ. ಸೇತುವೆ ಇನ್ನೂ ಆಗಿಲ್ಲ. ಆದರೆ ಮಣ್ಣು ಪರೀಕ್ಷೆಗೆ, ಅಳತೆಗೆ ಮಂದಿ ಬಂದು ಹೋದರು. ನಲವತ್ತು ವರ್ಷದಲ್ಲಿ ಇದು ಮೊದಲ ಸಲ.

ನಾನು ಕೇಳುವುದಿಷ್ಟು

ಒಂದು, ಹೊಸ ಡಾಂಬರಿಗೆ ಹಣ ಇಡುವ ಮೊದಲು ಆ ರಸ್ತೆಯ ಸಿಡಿ, ಸೇತುವೆ, ಗಟಾರ ಮುಗಿಯಲಿ. ನೀರಿಗೆ ದಾರಿ ಮಾಡಿದ ಮೇಲೆ ಗಾಡಿಗೆ ದಾರಿ.

ಎರಡು, ಗಾಡಿ ಎಣಿಸುವ ಜೊತೆಗೆ ರಸ್ತೆ ಬಂದಾದ ದಿನವನ್ನೂ ಎಣಿಸಲಿ. ಎಣಿಸುವುದು ನಿಯಮದಂತೆ ಸುಗ್ಗಿಯಲ್ಲೂ ಆಗಲಿ.

ಮೂರು, ಮೋರಿಗೂ ದೊಡ್ಡ ಸೇತುವೆಗೂ ನಡುವೆ ಬಿದ್ದ ಹಳ್ಳಗಳಿಗೆ ಬೇರೆ ಹಣ ಇರಲಿ. ರಸ್ತೆ ಯಾವ ಕಚೇರಿಯದೇ ಆಗಲಿ, ಹಳ್ಳ ಎಲ್ಲರದು.

ನಾಲ್ಕು, ಮಳೆಗಾಲದ ಮೊದಲು ಪೈಪು-ಗಟಾರ ಬಿಡಿಸುವ ಕೆಲಸಕ್ಕೆ ಊರಿನ ಮಂದಿಗೇ ಕೂಲಿ ಕೊಟ್ಟು ಜವಾಬ್ದಾರಿ ಕೊಡಲಿ.

ಓದುಗ ರೈತ ಬಂಧುಗಳಲ್ಲಿ ಒಂದು ಮಾತು. ಈ ಮಳೆಗಾಲ ನಿಮ್ಮೂರಲ್ಲೂ ಒಂದು ನಲವತ್ತು ಪುಟದ ವಹಿ ತಂದು ಇಡಿರಿ. ನಿಮ್ಮ ಹಳ್ಳ, ನಿಮ್ಮ ತಾರೀಖು, ನಿಮ್ಮ ಅಕ್ಷರ. ದಸರೆಯ ಹೊತ್ತಿಗೆ ಎಷ್ಟು ದಿನ ಆಯಿತು ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಹತ್ತು ಊರಿನ ಲೆಕ್ಕ ಒಂದು ಕಡೆ ಕೂಡಿದರೆ, ನಮ್ಮ ರಸ್ತೆಯಲ್ಲಿ ಗಾಡಿ ಕಡಿಮೆ ಅಂತ ಹೇಳುವವರಿಗೆ ತೋರಿಸಲು ನಮ್ಮ ಕೈಯಲ್ಲೂ ಒಂದು ಪಟ್ಟಿ ಇರುತ್ತದೆ.